ಕೊರಳಪಟ್ಟಿಯ ಏಳು ಬಿಲ್ಲೆ

ಕೀರ್ತನಳಿಗೆ ಗಂಡನ ಮನೆಯಲ್ಲಿ ಬೆಳಕಿರುವ ಜಾಗ ಇರಲಿಲ್ಲ.

ಮನೆ ಚಿಕ್ಕದೇನಲ್ಲ. ಅನುಗೊಂಡನಹಳ್ಳಿಯಿಂದ ಒಳಗೆ ಹೋಗುವ ದಾರಿಯಲ್ಲಿ ಅಣ್ಣತಮ್ಮಂದಿರ ಎರಡು ಮನೆಗಳು ಅಕ್ಕಪಕ್ಕ ನಿಂತಿದ್ದವು. ಹಿತ್ತಲಲ್ಲಿ ಎದೆಮಟ್ಟದ ಒಂದು ಅಡ್ಡಗೋಡೆ. ಅದರ ಈಚೆ ಅಣ್ಣ ಬೈರಣ್ಣ, ಆಚೆ ತಮ್ಮ ಮುನಿಶಾಮಪ್ಪ. ಕೀರ್ತನ ಬೈರಣ್ಣನ ಸೊಸೆ. ಹಜಾರದ ಕಿಟಕಿಗೆ ರಾಗಿ ಮೂಟೆ ಅಡ್ಡವಾಗಿತ್ತು. ಅಡುಗೆಮನೆ ಅತ್ತೆ ಅಂಜಿನಮ್ಮನದು. ಜಗುಲಿ ಮಾವನದು ಮತ್ತು ಅವನ ಜೊತೆ ಡೇರಿ ರಾಜಕೀಯ ಮಾತಾಡಲು ಬರುವವರದು. ಮಲಗುವ ಕೋಣೆಯಲ್ಲಿ ಗಂಡ ರವಿಚಂದ್ರ ಪಾಳಿ ಮುಗಿಸಿ ಬಂದು, ಕಿಟಕಿಗೆ ಚಾದರ ಕಟ್ಟಿ ಹಗಲೆಲ್ಲ ನಿದ್ದೆ ಹೊಡೆಯುತ್ತಿದ್ದ.

ಬೆಳಕು ಬೇಕಾಗಿದ್ದುದು ಅವಳ ಕೆಲಸಕ್ಕೆ. ಭಾನುಪ್ರಕಾಶ್ ಎಂಬಾತ ಬೆಂಗಳೂರಿನಲ್ಲಿ ಹಳೆ ಸಾಮಾನಿನ ವ್ಯಾಪಾರ ಮಾಡುತ್ತಿದ್ದ. ಅವನ ಅಂಗಡಿಯಲ್ಲಿ ಎಲ್ಲಕ್ಕಿಂತ ಹೆಚ್ಚು ಓಡುತ್ತಿದ್ದುದು ಬ್ರಿಟಿಷ್ ಸಿಪಾಯಿಗಳ ಟೋಪಿ ಬಿಲ್ಲೆಗಳು. ಯಾವ ಪಡೆಯದು, ಯಾವ ಕಾಲದ್ದು, ಅಸಲಿಯೋ ನಕಲಿಯೋ, ಎಷ್ಟು ಬಾಳುತ್ತದೆ ಎಂದು ಬರೆದು ಫೋಟೊ ಸಮೇತ ಆನ್‌ಲೈನಿಗೆ ಹಾಕುವುದು ಕೀರ್ತನಳ ಕೆಲಸ. ಮದುವೆಗೆ ಮುಂಚೆ ಹೊಸಕೋಟೆಯಿಂದ ದಿನಾ ಬಸ್ಸಿನಲ್ಲಿ ಹೋಗಿಬರುತ್ತಿದ್ದಳು. ಈಗ ವಾರಕ್ಕೆರಡು ದಿನ ಹೋಗಿ, ಬಿಸ್ಕತ್ತಿನ ಡಬ್ಬದಲ್ಲಿ ಬಿಲ್ಲೆಗಳನ್ನು ತುಂಬಿಕೊಂಡು ಬರುತ್ತಿದ್ದಳು.

"ಸತ್ತೋದ ದೊರೆಗಳ ಟೋಪಿ ಬಿಲ್ಲೆ ನೋಡಕ್ಕೂ ಸಂಬಳ ಕೊಡ್ತಾರಾ?" ಎಂದು ಅಂಜಿನಮ್ಮ ಮೊದಲ ವಾರವೇ ಕೇಳಿದ್ದಳು.

"ಕೊಡ್ತಾರೆ ಅತ್ತೆ."

"ಒಂದೊಂದನ್ನ ಎಷ್ಟೊತ್ತು ನೋಡ್ಬೇಕು?"

"ಅರ್ಧ ಗಂಟೆ ಆಗ್ತದೆ."

"ಮೂವತ್ತು ವರ್ಷದಿಂದ ನಿಮ್ಮಾವನ ಮುಖ ನೋಡ್ತಿದೀನಿ. ನಂಗ್ಯಾರೂ ಒಂದು ಪೈಸಾ ಕೊಟ್ಟಿಲ್ಲ."

ಬೆಳಕು ಸಿಕ್ಕಿದ್ದು ಕೊಟ್ಟಿಗೆಯಲ್ಲಿ. ಧನುರ್ಮಾಸದ ದಿನಗಳು. ಬೆಳಗಿನ ಮಂಜು ಹತ್ತು ಗಂಟೆಯವರೆಗೂ ಹೊಲದ ಮೇಲೆ ಹಾಲಿನ ಕೆನೆಯಂತೆ ಕೂತಿರುತ್ತಿತ್ತು. ಸಂಜೆ ನಾಲ್ಕರ ಹೊತ್ತಿಗೆ ಬಿಸಿಲು ಕೊಟ್ಟಿಗೆಯ ಗಿಡ್ಡಗೋಡೆ ದಾಟಿ ನೆಲದ ಮೇಲೆ ಓರೆಯಾಗಿ ಬಿದ್ದು, ತೇಲುವ ಹುಲ್ಲಿನ ಧೂಳೆಲ್ಲ ಬಂಗಾರವಾಗುತ್ತಿತ್ತು. ಕೀರ್ತನ ಒಂದು ಮಣೆ ಹಾಕಿಕೊಂಡು, ಭೂತಗನ್ನಡಿ ಹಿಡಿದು ಅಲ್ಲಿ ಕೂರಲು ಶುರುಮಾಡಿದಳು. ಎರಡು ಹಳ್ಳಿಕಾರ್ ಎತ್ತುಗಳು ಮೆಲುಕು ಹಾಕುತ್ತ ಅವಳನ್ನೇ ನೋಡುತ್ತಿದ್ದವು.

ಮೂರನೆಯ ದಿನ ಬಿಸಿಲು ಗೋಡೆಯ ಗೂಟದ ಮೇಲೆ ಬಿತ್ತು. ಗೂಟದಲ್ಲಿ ಹಗ್ಗ, ಮೂಗುದಾರಗಳ ನಡುವೆ ಬೇವಿನೆಣ್ಣೆ ಕುಡಿದು ಕಪ್ಪಾದ ಒಂದು ಚರ್ಮದ ಕೊರಳಪಟ್ಟಿ ನೇತಾಡುತ್ತಿತ್ತು. ಅದರ ತುಂಬ ಬಿಲ್ಲೆಗಳು. ಕೀರ್ತನ ಎದ್ದುಹೋಗಿ ಹತ್ತಿರದಿಂದ ನೋಡಿದಳು. ಎರಡು ತುದಿಗೆ ಒಂದೊಂದು ಫಿರಂಗಿ. ನಡುವೆ ಹುಲಿ. ಹುಲಿಯ ಈ ಕಡೆ ಸಾರಂಗದ ತಲೆ, ತಂತಿವಾದ್ಯ. ಆ ಕಡೆ ಈಜಿಪ್ಟಿನ, ಹೆಂಗಸಿನ ಮುಖದ ಸಿಂಹ, ಒಂದು ತಲೆಬುರುಡೆ.

"ಅದು ಮುಟ್‌ಬ್ಯಾಡ."

ಬೈರಣ್ಣ ಹುಲ್ಲಿನ ಹೊರೆ ಹೊತ್ತು ಬಾಗಿಲಲ್ಲಿ ನಿಂತಿದ್ದ. ಮದುವೆಯಾಗಿ ಏಳು ತಿಂಗಳಲ್ಲಿ ಅವನು ಅವಳಿಗೆ "ನೀರು ತಾ", "ನಾಯಿ ಓಡ್ಸು" ಎಂಬುದಕ್ಕಿಂತ ಹೆಚ್ಚು ಮಾತಾಡಿರಲಿಲ್ಲ.

"ಮಾವ, ಈ ಹುಲಿ ಲೆಸ್ಟರ್‌ಶೈರ್ ಅನ್ನೋ ಪಡೇದು," ಎಂದಳು ಕೀರ್ತನ. "ಇಲ್ನೋಡಿ. ಹಿಂದೂಸ್ತಾನ್ ಅಂತ ಬರೆದದೆ."

ಬೈರಣ್ಣ ಹೊರೆ ಇಳಿಸಿದ. "ನಮ್ ದೇಶದ ಹೆಸರಾ? ಅವ್ರ ಟೋಪಿ ಮೇಲಾ?"

"ಇಲ್ಲಿ ಬಂದು ಯುದ್ಧ ಮಾಡಿದ್ದಕ್ಕೆ ಅವರ ರಾಜ ಕೊಟ್ಟಿದ್ದಂತೆ."

"ಹುಲೀನ ಹೊಡೆದ್ರಾ?"

"ಹುಲಿನಲ್ಲ. ನಮ್ಮನ್ನ."

ಬೈರಣ್ಣ ಪಟ್ಟಿಯನ್ನು ಗೂಟದಿಂದ ಇಳಿಸಿ, ಹೆಗಲ ಟವೆಲಿನಿಂದ ಒರೆಸಿ ಅವಳ ಕೈಗೆ ಕೊಟ್ಟ. "ಮಿಕ್ಕಿದ್ದು ಏನೇನು ಹೇಳು, ನೋಡಾನ."

ಅಂದಿನಿಂದ ಅದೊಂದು ವಾಡಿಕೆಯಾಯಿತು. ಹಾಲು ಕರೆದು ಡೇರಿಗೆ ಹಾಕಿ ಬಂದ ಮೇಲೆ ಬೈರಣ್ಣ ತಾನೇ ಜಗುಲಿಯ ಮೇಲೆ ಅವಳ ಮಣೆಯನ್ನು ತಂದಿಡುತ್ತಿದ್ದ. ಪಟ್ಟಿ ಇಬ್ಬರ ನಡುವೆ ಮಲಗಿರುತ್ತಿತ್ತು. ಅವಳು ಒಂದು ಬಿಲ್ಲೆಯ ಮಾತು ಹೇಳುವಳು. ಅವನು ಅದರ ಮೇಲೆ ಹತ್ತಿಕೊಂಡು ಎಲ್ಲಿಗೋ ಹೊರಟುಬಿಡುವನು.

ಬಿಲ್ಲೆಗಳು ಅವನ ತಾತ ದೊಡ್ಡಬೈರಪ್ಪನ ಸಂಪಾದನೆ. ದೊಡ್ಡಬೈರಪ್ಪ ಬೆಂಗಳೂರು ದಂಡಿನ ಕುದುರೆಗಳಿಗೆ ಗಾಡಿಯಲ್ಲಿ ಹುಲ್ಲು ಹೊಡೆಯುತ್ತಿದ್ದ. ಪಡೆ ಊರು ಬಿಟ್ಟು ಹಡಗು ಹತ್ತಲು ಹೊರಟಾಗ ಯಾರಾದರೊಬ್ಬ ಸಿಪಾಯಿ ಎತ್ತಿನ ಕೊರಳು ತಟ್ಟಿ, ಟೋಪಿಯ ಬಿಲ್ಲೆ ಕಿತ್ತು ಕೊಟ್ಟು ಹೋಗುತ್ತಿದ್ದನಂತೆ. ಹೀಗೆ ಏಳು ಪಡೆ, ಏಳು ಬಿಲ್ಲೆ. ಕಥೆ ದಿನದಿನಕ್ಕೆ ಬೆಳೆಯುತ್ತಿತ್ತು. ಸೋಮವಾರ ಬರೀ ಕೈಯಲ್ಲಿ ಬಿಲ್ಲೆ ಕೊಟ್ಟ ಸಿಪಾಯಿ ಗುರುವಾರದ ಹೊತ್ತಿಗೆ ಅಳುತ್ತಿದ್ದ.

"ಈ ಮಗ್ಗದ ತುಂಡಿನ ಥರ ಇರೋದು?"

"ಅದು ಹಾರ್ಪ್ ಅಂತ ತಂತಿವಾದ್ಯ ಮಾವ. ಐರ್ಲೆಂಡಿನವರದು."

"ಅಲ್ಲಿ ಮಳೆ ಹೆಂಗೆ?"

"ದಿನಾ ಬರ್ತದಂತೆ."

"ಹಂಗಾದ್ರೆ ಹುಲ್ಲಿಗೆ ಬರ ಇಲ್ಲ." ಬೈರಣ್ಣನ ಕಣ್ಣು ಎದುರಿನ ರಾಗಿ ಮೆದೆಯ ಮೇಲಿದ್ದರೂ ಅವನು ನೋಡುತ್ತಿದ್ದುದು ಮೆದೆಯನ್ನಲ್ಲ. "ಮೊಣಕಾಲುದ್ದ ಹಸುರು. ಹಸ ಎಲ್ಲಿ ಮಲಗಿದ್ರೂ ಹಾಸಿಗೆ. ಅಂಥ ಹುಲ್ಲು ಬಿಟ್ಟು ನಮ್ ಒಣಹುಲ್ಲಿಗೆ ಯಾಕವ್ವಾ ಬಂದ್ರು ಅವ್ರು?"

ಕೀರ್ತನ ಅವನಿಗೆ ಬಿಲ್ಲೆಯ ಕಾಲ ಪತ್ತೆಹಚ್ಚುವುದನ್ನು ಕಲಿಸಿಕೊಟ್ಟಳು. ಕಿರೀಟ ನೋಡಬೇಕು: ರಾಜನ ಕಾಲದ ಕಿರೀಟದ ಕಮಾನು ದುಂಡಗೆ ಏರಿ ನಿಲ್ಲುತ್ತದೆ, ಸಾವಿರದ ಒಂಬೈನೂರ ಐವತ್ಮೂರರಿಂದೀಚೆಗಿನ ರಾಣಿ ಕಿರೀಟದ್ದು ನಡುವೆ ಕುಗ್ಗುತ್ತದೆ. ಆಮೇಲೆ ಬೆನ್ನು ನೋಡಬೇಕು: ಹೊಲಿಯುವ ಕೊಂಡಿಯೋ, ಟೋಪಿಗೆ ಸಿಕ್ಕಿಸುವ ನಾಲಗೆಯೋ. ಆಮೇಲೆ ಲೋಹ. ಬೈರಣ್ಣ ಭೂತಗನ್ನಡಿ ಹಿಡಿದು ಎಡತುದಿಯ ಫಿರಂಗಿಯ ಕಿರೀಟ ನೋಡಿ "ದುಂಡಗದೆ! ರಾಜಂದು!" ಎಂದು ಕೂಗಿದ. ಬಲತುದಿಯ ಫಿರಂಗಿಯನ್ನು ನೋಡಲು ಹೋಗುವಷ್ಟರಲ್ಲಿ ಕೀರ್ತನ ಹುಲಿಯ ಮಾತೆತ್ತಿದಳು. ಬಲಗಡೆಯದು ಏನೆಂದು ಅವಳಿಗೆ ಮೊದಲ ದಿನವೇ ತಿಳಿದಿತ್ತು. ಕಥೆಯ ಸಿಪಾಯಿಗಳಲ್ಲಿ ಒಬ್ಬನನ್ನು ಕಡಿಮೆ ಮಾಡಲು ಮನಸ್ಸಾಗಿರಲಿಲ್ಲ.

"ಹುಲಿ ಮುಖ ಸವೆದು ಬೆಕ್ಕಿನಂಗಾಗ್ಯದೆ," ಎಂದ ಬೈರಣ್ಣ.

"ಆಗ್ದೆ ಇನ್ನೇನು?" ಅಂಜಿನಮ್ಮ ಒಳಗಿನಿಂದಲೇ ಹೇಳಿದಳು. "ಪ್ರತಿ ಸಂಕ್ರಾಂತಿಗೂ ಹುಣಸೆಹಣ್ಣು, ಬೂದಿ ಹಾಕಿ ತಿಕ್ಕೋಳು ನಾನು. ನಾನಿಲ್ದಿದ್ರೆ ನಿಮ್ ಹುಲಿ ಕಿಲುಬು ಹಿಡ್ದು ಸಾಯ್ತಿತ್ತು."

ಆ ತಿಕ್ಕಾಟದಿಂದ ಬೆಲೆ ಅರ್ಧಕ್ಕೆ ಇಳಿದಿದೆ ಎಂದು ಕೀರ್ತನ ಹೇಳಲಿಲ್ಲ.

"ಈ ಸಂಕ್ರಾಂತಿಗೆ ಬೂದನ ಕೊರಳಿಗೆ ಇದನ್ನ ಕಟ್ಟಿ ಕಿಚ್ಚು ಹಾಯಿಸ್ವಾಗ," ಎಂದ ಬೈರಣ್ಣ, "ನೀನು ಪಕ್ಕದಲ್ಲಿ ನಿಂತ್ಕಂಡು ಕೇಳ್ದೋರಿಗೆಲ್ಲ ಹೇಳ್ಬೇಕು. ಇದು ಐರ್ಲೆಂಡು, ಇದು ಈಜಿಪ್ಟು ಅಂತ. ಊರೋರ್ಗೆ ಗೊತ್ತಾಗ್ಲಿ." ಬೂದ ಅಂದರೆ ಬಲಗಡೆಯ ಎತ್ತು.

ಕೀರ್ತನ ತಲೆಯಾಡಿಸಿದಳು. ಜಗುಲಿಯ ಬೆಳಕು ಅವಳ ಮಡಿಲ ತುಂಬ ಇತ್ತು. ಆ ಮನೆಯಲ್ಲಿ ಮೊದಲ ಸಲ ಅವಳಿಗೆ ಎದ್ದು ಒಳಗೆ ಹೋಗಬೇಕು ಅನ್ನಿಸಲಿಲ್ಲ.

*

ಅವರೆಕಾಯಿ ಕಾಲ ಬಂತು. ಎಂಟು ವರ್ಷದ ಹಿಂದೆ ಪಾಲಾಗಿದ್ದರೂ ಎರಡು ಮನೆಯವರು ವರ್ಷದ ಮೊದಲ ಹಿತಕಿದ ಬೇಳೆ ಸಾರನ್ನು ಜೊತೆಗೆ ಕೂತು ಉಣ್ಣುತ್ತಿದ್ದರು. ಹಬ್ಬದೂಟವೂ ಹಾಗೇ, ಹಜಾರದಲ್ಲಿ ಹತ್ತು ಎಲೆ. ಬೆಳಗಿನಿಂದ ಅಂಜಿನಮ್ಮ, ಅವಳ ವಾರಗಿತ್ತಿ ಮುನಿಲಕ್ಷ್ಮಮ್ಮ, ಎರಡು ಮನೆಯ ಸೊಸೆಯರು ನೆನೆದ ಅವರೆಕಾಳನ್ನು ಬೆರಳಲ್ಲಿ ಹಿತುಕಿ ಹಿತುಕಿ ರಾಶಿ ಹಾಕಿದರು. ಬೈರಣ್ಣನ ತಾಯಿ ಕದಿರಮ್ಮ ಒಂದು ತಿಂಗಳು ಹಿರಿಮಗನ ಮನೆ, ಒಂದು ತಿಂಗಳು ಕಿರಿಮಗನ ಮನೆಯಂತೆ ಇರುವವಳು. ಅದು ಬೈರಣ್ಣನ ತಿಂಗಳು. ಕಿವಿ ಮಂದ, ಕಣ್ಣು ಪೊರೆ. ಹೊತ್ತು ಮುಳುಗುವ ಮುಂಚೆಯೇ ಉಂಡು ಒಳಕೋಣೆಯಲ್ಲಿ ಮಲಗಿದಳು.

ಗಂಡಸರು ಮೊದಲ ಪಂಕ್ತಿಗೆ ಕೂತರು. ಬೈರಣ್ಣ, ಮುನಿಶಾಮಪ್ಪ, ರವಿಚಂದ್ರ, ಮುನಿಶಾಮಪ್ಪನ ಮಗ ನವೀನ್‌ಕುಮಾರ್. ಕೀರ್ತನ ಸಾರು ಬಡಿಸುತ್ತಿದ್ದಳು.

"ಅಪ್ಪಾ, ದಿನಾ ಸೊಸೆ ಹತ್ರ ಪಾಠ ಹೇಳಿಸ್ಕೊಂತಿದ್ದೀಯಂತೆ," ಎಂದ ರವಿಚಂದ್ರ. "ಒಟ್ಟು ಎಷ್ಟು ಬಾಳ್ತವೆ ಅಂತ ಕೇಳಿದ್ಯಾ?"

"ಯಾಕಲಾ ಕೇಳ್ಲಿ? ನಾನೇನ್ ಮಾರ್ತೀನಾ?"

"ಕೇಳಕ್ಕೇನ್ ಕಾಸಾ? ಹೇಳೇ ಕೀರ್ತನ."

ಎಲ್ಲರೂ ತಲೆಯೆತ್ತಿ ಅವಳನ್ನು ನೋಡಿದರು. ನಾಲ್ಕು ಜನ ಗಂಡಸರು ಉಣ್ಣುವುದು ಬಿಟ್ಟು ತನ್ನ ಮಾತಿಗೆ ಕಾಯುವುದು ಅವಳಿಗೆ ಹೊಸದು. ಸೌಟು ಹಿಡಿದೇ ಹೇಳಿದಳು.

"ತಲೆಬುರುಡೆಗೆ ಒಂಬತ್ತು ಸಾವಿರ. ಅದು ಕುದುರೆ ಪಡೇದು."

ನವೀನ್‌ಕುಮಾರನಿಗೆ ನೆತ್ತಿಗೇರಿತು. "ಬುರುಡೆಗೆ ಒಂಬತ್ ಸಾವಿರನಾ! ಅತ್ಗೆ, ನನ್ ಬುರುಡೆಗೆ?"

"ಖಾಲಿ ಬುರುಡೆಗೆ ರೇಟಿಲ್ಲ ಗುರು," ಎಂದ ರವಿಚಂದ್ರ.

"ಸಾರಂಗ ನಾಲ್ಕು. ಹಾರ್ಪ್ ಮೂರೂವರೆ. ಹುಲಿ ಮೂರು. ಸಿಂಹ ಎರಡೂವರೆ. ಎಡಗಡೆ ಫಿರಂಗಿ ಒಂದು."

"ಬಲಗಡೇದೂ ಒಂದು," ಎಂದ ಬೈರಣ್ಣ. "ಜೋಡಿ ಅಲ್ವಾ?"

ಇಷ್ಟು ದಿನ ತಪ್ಪಿಸಿಕೊಂಡದ್ದು ಈಗ ಅವಳ ನಾಲಗೆಯ ತುದಿಗೇ ಬಂದು ನಿಂತಿತ್ತು. ಕೆಲಸದ ಹುಮ್ಮಸ್ಸು ಅದನ್ನು ಹೊರಗೆ ದಬ್ಬಿತು.

"ಇಲ್ಲ ಮಾವ, ಜೋಡಿ ಅಲ್ಲ. ಅದು ಹಿತ್ತಾಳೆನೇ ಅಲ್ಲ, ಅಲ್ಯೂಮಿನಿಯಂ. ಮೇಲೆ ಬಂಗಾರದ ಬಣ್ಣ ಕೂರಿಸಿರೋದು. ಕಿರೀಟಾನೂ ರಾಣೀದು. ಬ್ರಿಟಿಷರು ಇಲ್ಲಿಂದ ಹೋದ್ಮೇಲಿನ ಮಾಲು. ನಿಮ್ ತಾತಂಗೆ ಯಾರೂ ಕೊಟ್ಟಿರಕ್ಕೆ ಆಗಲ್ಲ. ಇನ್ನೂರು ರೂಪಾಯಿನೂ ಬರಲ್ಲ."

ಮುನಿಶಾಮಪ್ಪನ ಬೆರಳುಗಳು ಮುದ್ದೆಯಲ್ಲೇ ನಿಂತವು.

"ಹೊಳೀತದಲ್ಲಮ್ಮ ಅದು," ಎಂದ. "ಎಲ್ಲಕ್ಕಿಂತ ಅದೇ ಹೊಳೀತದೆ."

"ಅದಕ್ಕೇ ಚಿಕ್ಕಮಾವ. ಅಸಲಿ ಅಷ್ಟು ಹೊಳೆಯಲ್ಲ."

ಬೈರಣ್ಣ ಗಹಗಹಿಸಿದ. "ಹಂಗಾದ್ರೆ ಯಾವನೋ ಕಳ್ ನನ್ಮಗ ಅಸಲಿ ಎಗರಿಸ್ಕೊಂಡು, ಇದನ್ನ ತಗಲಾಕವ್ನೆ! ನೋಡು ಮುನಿಶಾಮಿ, ದೊಡ್ಡಬೈರಪ್ಪನ ಎತ್ತಿನ ಕೊರಳಿಗೇ ಕೈ ಹಾಕವ್ನೆ ಅಂದ್ರೆ!"

ಹುಡುಗರಿಬ್ಬರೂ ನಕ್ಕರು. ಮುನಿಶಾಮಪ್ಪ ತಟ್ಟೆಯಲ್ಲಿ ಅರ್ಧ ಮುದ್ದೆ ಬಿಟ್ಟು ಎದ್ದ.

"ಯಾಕಲಾ? ಸಾರು ಚೆನ್ನಾಗಿಲ್ವಾ?"

"ಹೊಟ್ಟೆ ಸರಿಯಿಲ್ಲ ಅಣ್ಣ," ಎಂದು ಹೊರಗೆ ಹೋಗಿ ಕೈತೊಳೆದು, ಹಾಗೇ ಮನೆಗೆ ಹೊರಟುಹೋದ.

"ಇಪ್ಪತ್ಮೂರು ಸಾವಿರ," ಎಂದು ನವೀನ್‌ಕುಮಾರ್ ಕೂಡಿ ಹೇಳಿದ. ಅವನ ತಟ್ಟೆಯಲ್ಲೂ ಸಾರು ತಣ್ಣಗಾಗಿತ್ತು.

*

ಎರಡು ದಿನ ಬಿಟ್ಟು ನವೀನ್‌ಕುಮಾರ್ ಜಗುಲಿಗೆ ಬಂದು ಕೂರದೆ ನಿಂತ.

"ದೊಡ್ಡಪ್ಪ, ಅಪ್ಪ ಹೇಳ್ ಕಳ್ಸವ್ರೆ. ಪಾಲುಪಟ್ಟೀಲಿ ಎತ್ತು ನಿಮಗೆ ಅಂತ ಬರೆದದೆ. ಕೊರಳಪಟ್ಟಿ ಬರೆದಿಲ್ಲ. ಅದು ಇನ್ನೂ ಇಬ್ರದೂ."

ಬೈರಣ್ಣನಿಗೆ ಮೊದಲು ಅರ್ಥವೇ ಆಗಲಿಲ್ಲ. "ಎತ್ತು ಬಂದ್ರೆ ಹಗ್ಗ ಬರಲ್ವೇನಲಾ?"

"ಹಗ್ಗ ಬರ್ತದೆ. ಇಪ್ಪತ್ಮೂರು ಸಾವಿರದ ಹಗ್ಗ ಬರಲ್ಲ."

"ಇದು ನಿಮ್ಮಪ್ಪನ ಮಾತೋ, ನಿಂದೋ?"

"ಅವ್ರದ್ದೇ. ಬೇಕಾದ್ರೆ ಕೇಳಿ."

ಬೈರಣ್ಣ ಕೇಳಲು ಹೋಗಲಿಲ್ಲ. ಅವನಿಗೂ ಬಿಗುಮಾನ. ಹಿತ್ತಲ ಗೋಡೆಯ ಎರಡು ಕಡೆಯಿಂದ ವಾರಗಿತ್ತಿಯರೇ ಮಾತು ಮುಂದುವರಿಸಿದರು.

"ಎಂಟು ವರ್ಷ ಇಲ್ದಿರೋ ಪಾಲು ಈಗ ನೆನಪಾಯ್ತೇನೆ ಲಕ್ಷ್ಮಮ್ಮ?"

"ಬೆಲೆ ಹೇಳಿದ್ದು ನಿನ್ ಸೊಸೆ ಕಣಕ್ಕ, ನಾನಲ್ಲ. ಎತ್ತಿನ ಬೆವರು ಕುಡಿದಿರೋ ತೊಗಲು ಅಂತ ನಾವ್ ಸುಮ್ನಿದ್ವಿ."

"ಕಣ್ಣಿಗೆ ಕಾಸು ಕಂಡ ತಕ್ಷಣ ತೊಗಲೂ ಬಂಗಾರ ಆಯ್ತಾ?"

"ಆಯ್ತಪ್ಪ. ನಿನ್ ಸೊಸೆಗೆ ಭೂತಗನ್ನಡಿ ಕೊಟ್ಟಿದ್ದು ಯಾರು? ನಾನಾ?"

ಅಂಜಿನಮ್ಮ ಒಳಗೆ ಬಂದು, ಸಿಟ್ಟನ್ನೆಲ್ಲ ರಾಗಿ ಹಿಟ್ಟಿನ ಡಬ್ಬದ ಮುಚ್ಚಳದ ಮೇಲೆ ತೀರಿಸಿದಳು. ಆಮೇಲೆ ಕೀರ್ತನಳ ಕಡೆ ತಿರುಗಿದಳು. "ನೋಡಿದ್ಯಾ? ಎಷ್ಟು ಅಂತ ಹೇಳ್ದೆ ಇದ್ದಿದ್ರೆ ಅದು ಗೂಟದಲ್ಲಿ ನೇತಾಕ್ಕೊಂಡು ತೆಪ್ಪಗಿರ್ತಿತ್ತು."

"ಅವರೇ ಕೇಳಿದ್ರು ಅತ್ತೆ."

"ಕೇಳ್ತಾರೆ. ಕೇಳಿದ್ದಕ್ಕೆಲ್ಲ ಉತ್ತರ ಹೇಳಕ್ಕೆ ಇದೇನ್ ಪರೀಕ್ಷೆಯಾ?"

ಕದಿರಮ್ಮನ ಕಿವಿಯ ಹತ್ತಿರ ಬಾಯಿಟ್ಟು ಬೈರಣ್ಣ ವಿಷಯ ಹೇಳಿದ. ಪಾಲು ಅಂತೆ, ಕೊರಳಪಟ್ಟಿ ಅಂತೆ, ಇಪ್ಪತ್ಮೂರು ಸಾವಿರ ಅಂತೆ. ಅಷ್ಟನ್ನೇ ಹೇಳಿದ. ಊಟದ ದಿನ ಆಡಿದ ತಮಾಷೆ ಅವನಿಗೆ ಆಗಲೇ ಮರೆತುಹೋಗಿತ್ತು.

ಮುದುಕಿ ಎಲೆಅಡಿಕೆ ಕುಟ್ಟುವುದು ನಿಲ್ಲಿಸಲಿಲ್ಲ. "ಕೇಳ್ದ ಮೇಲೆ ಕೊಡು. ಹಿರಿಯೋನು ಭಾಗ ಹಾಕ್ಬೇಕು, ಕಿರಿಯೋನು ಮೊದ್ಲು ಎತ್ಕೋಬೇಕು. ಆಗ ಯಾರೂ ಮೋಸ ಅನ್ನಂಗಿಲ್ಲ."

ಭಾಗ ಹಾಕುವ ಕೆಲಸ ಕೀರ್ತನಳ ಮೇಲೆ ಬಿತ್ತು. ಅವಳು ಭಾನುಪ್ರಕಾಶನಿಗೆ ಫೋನ್ ಮಾಡಿ ಫೋಟೊ ಕಳಿಸಿದಳು.

"ಬಿಚ್ಚಬೇಡಿ ಅಂತ ಹೇಳಮ್ಮ ಅವರಿಗೆ," ಎಂದ ಭಾನುಪ್ರಕಾಶ್. "ಬಿಲ್ಲೆ ಎಲ್ಲ ಕಡೆ ಸಿಗ್ತವೆ. ಎತ್ತಿನ ಪಟ್ಟಿ ಮೇಲೆ ಕೂತಿರೋದು ನಾನು ನೋಡೇ ಇಲ್ಲ. ಅಲ್ಯೂಮಿನಿಯಂ ಒಂದಿದ್ರೆ ಇರಲಿ, ಅದೂ ಕಥೆನೇ. ಇದಕ್ಕೆ ಬೆಲೆ ಕಟ್ಟಕ್ಕೆ ನನ್ನಿಂದಾಗಲ್ಲ."

ಅವಳು ಜಗುಲಿಗೆ ಹೋಗಿ ಅದನ್ನೇ ಹೇಳಿದಳು. ಬೈರಣ್ಣ ಮಣೆ ತಂದಿಡುವುದನ್ನು ಬಿಟ್ಟು ವಾರವಾಗಿತ್ತು. ಅವಳು ನಿಂತೇ ಇದ್ದಳು.

"ಬೆಲೆ ಕಟ್ಟಕ್ಕಾಗ್ದಿರೋದನ್ನ ಹೆಂಗವ್ವ ಪಾಲು ಹಾಕೋದು?" ಎಂದ ಬೈರಣ್ಣ. "ಬೆಲೆ ಇರೋದನ್ನ ಹಾಕು."

"ಚಿಕ್ಕಮಾವನ್ನ ಒಂದ್ಸಲ ಕರೆದು ಮಾತಾಡಿ ಮಾವ. ಸಂಕ್ರಾಂತಿ ಮುಗೀಲಿ ಅನ್ನಿ."

"ಅವ್ನು ನನ್ ಮನೇಲಿ ಅರ್ಧ ಮುದ್ದೆ ಬಿಟ್ಟು ಎದ್ದೋದ. ದುಡ್ಡಿನ ಲೆಕ್ಕ ಕಿವಿಗೆ ಬಿದ್ದ ಕೂಡ್ಲೇ ಎದ್ದೋದ. ಇನ್ನೇನ್ ಮಾತು?"

ಕೀರ್ತನಳಿಗೂ ಹಾಗೇ ಅನ್ನಿಸಿತ್ತು. ಕಾಗದದ ಮೇಲೆ ಭಾಗ ಹಾಕಿದಳು: ಒಂದು ಕಡೆ ಬುರುಡೆ, ಸಿಂಹ. ಇನ್ನೊಂದು ಕಡೆ ಸಾರಂಗ, ಹಾರ್ಪ್, ಹುಲಿ, ಎಡಗಡೆ ಫಿರಂಗಿ. ಎರಡೂ ಸರಿಸಮ ಬಂದವು. ಲೆಕ್ಕ ಅಷ್ಟು ನೀಟಾಗಿ ಹೊಂದಿದ್ದಕ್ಕೆ ಒಳಗೊಳಗೇ ಸ್ವಲ್ಪ ಖುಷಿಯೂ ಆಯಿತು.

*

ಸಂಕ್ರಾಂತಿಯ ಹಿಂದಿನ ಭಾನುವಾರ ಹಜಾರದಲ್ಲಿ ಚಾಪೆ ಹಾಸಿದರು. ಗೋಡೆಗೆ ಒರಗಿ ಕದಿರಮ್ಮ. ಆ ಕಡೆ ಮುನಿಶಾಮಪ್ಪ, ಅವನ ಹೆಂಡತಿ, ಮಗ, ಸೊಸೆ, ಮೊಮ್ಮಗ. ಈ ಕಡೆ ಬೈರಣ್ಣನ ಮನೆಯವರು. ಕಾಫಿ ಕೊಟ್ಟರು, ಯಾರೂ ಸಕ್ಕರೆ ಕಮ್ಮಿ ಎನ್ನಲಿಲ್ಲ, ಜಾಸ್ತಿ ಎನ್ನಲಿಲ್ಲ.

ಪಟ್ಟಿಯ ಹಿಂದೆ ಪ್ರತಿ ಬಿಲ್ಲೆಗೂ ಎರಡೆರಡು ಕೊಂಡಿ. ಎಲ್ಲ ಕೊಂಡಿಗಳೊಳಗೂ ಒಂದೇ ತಾಮ್ರದ ತಂತಿ ತೂರಿತ್ತು. ಬೆವರು, ಎಣ್ಣೆ, ಕಿಲುಬು ಸೇರಿ ತಂತಿ ಕೊಂಡಿಗೆ ಬೆಸೆದುಹೋಗಿತ್ತು.

"ಒಂದಿನ ಬೆಚ್ಚನೆ ಎಣ್ಣೇಲಿ ನೆನೆಹಾಕಿದ್ರೆ ತಾನೇ ಜಾರ್ತದೆ," ಎಂದಳು ಕೀರ್ತನ.

"ಇನ್ನೊಂದಿನ ಇದೇ ಪಂಚಾಯ್ತಿನಾ? ನಂಗೆ ಶಿಫ್ಟ್ ಅದೆ," ಎಂದ ರವಿಚಂದ್ರ. ನವೀನ್‌ಕುಮಾರ್ ಟ್ರಾಕ್ಟರಿನ ಡಬ್ಬದಿಂದ ಕಟಿಂಗ್ ಪ್ಲೇಯರ್ ತಂದಿದ್ದ. ಒಬ್ಬ ಪಟ್ಟಿ ಹಿಡಿದ, ಇನ್ನೊಬ್ಬ ಕತ್ತರಿಸಿದ. ತಂತಿಯ ಜೊತೆ ಕೊಂಡಿಗಳೂ ಪಟಪಟನೆ ಕಿತ್ತುಬಂದವು. ಸಾರಂಗ ಕೈಜಾರಿ ನೆಲಕ್ಕೆ ಬಿದ್ದು ಕೊಂಬಿನ ತುದಿ ಮುರಿಯಿತು. ಹಾರ್ಪ್ ಬಿಡಲಿಲ್ಲವೆಂದು ರವಿಚಂದ್ರ ಚರ್ಮವನ್ನೇ ಮೂರು ಕಡೆ ಕೊಯ್ದ. ಚರ್ಮದೊಳಗಿನಿಂದ ಹಳೆ ಹುಲ್ಲಿನ, ಬೇವಿನೆಣ್ಣೆಯ ವಾಸನೆ ಎದ್ದು ಹಜಾರವೆಲ್ಲ ತುಂಬಿಕೊಂಡಿತು. ಒಂದು ಗಳಿಗೆ ಆ ಮನೆಯೊಳಗೇ ಯಾವುದೋ ಕಾಲದ ಗಾಡಿಯೊಂದು ಬಂದು ನಿಂತಂತಾಯಿತು.

"ಈಗೆಷ್ಟಾಯ್ತು ರೇಟು?" ಎಂದಳು ಮುನಿಲಕ್ಷ್ಮಮ್ಮ.

ಕೀರ್ತನ ಹಳೆಯ ಲೆಕ್ಕದಂತೆಯೇ ಎರಡು ಗುಂಪು ಇಟ್ಟಳು. ಅಲ್ಯೂಮಿನಿಯಂ ಫಿರಂಗಿಯನ್ನು ಎರಡಕ್ಕೂ ಸೇರಿಸದೆ ಚಾಪೆಯಾಚೆ ಸಿಮೆಂಟಿನ ನೆಲದ ಮೇಲಿಟ್ಟಳು. "ಅದು ಲೆಕ್ಕಕ್ಕಿಲ್ಲ. ಯಾರು ಬೇಕಾದ್ರೂ ಇಟ್ಕೊಳ್ಳಿ."

"ಎತ್ಕೋ ಮುನಿಶಾಮಿ," ಎಂದ ಬೈರಣ್ಣ.

ಮುನಿಶಾಮಪ್ಪ ಕೈ ಚಾಚಲಿಲ್ಲ. ನೆಲದ ಮೇಲಿದ್ದುದನ್ನು ನೋಡುತ್ತಿದ್ದ.

ಆಗ ಕದಿರಮ್ಮ "ನಾನೂ ಒಂದ್ಸಲ ಮುಟ್ತೀನಿ, ತತ್ತಾ" ಎಂದು ಮುಂದೆ ಬಾಗಿದಳು. ಕೈಯಲ್ಲಿ ಒಂದೊಂದನ್ನೇ ತಡವಿ ತೂಗಿದಳು. "ಹುಲಿ... ಬುರುಡೆ... ಫಿರಂಗಿ. ಇನ್ನೊಂದು ಫಿರಂಗಿ ಎಲ್ಲಿ? ಹಗೂರಾಗಿರೋದು?"

ಅಂಜಿನಮ್ಮ ನೆಲದಿಂದ ಎತ್ತಿ ಅವಳ ಅಂಗೈಗೆ ಹಾಕಿದಳು.

"ಹ್ಞಾ, ಇದೇ. ಇದ್ಯಾಕೆ ನೆಲದ ಮೇಲದೆ? ಇದು ಮುನಿಶಾಮಿ ತಂದಿದ್ದಲ್ವಾ? ಕೆರೇಲಿ ಎತ್ತು ತೊಳೀವಾಗ ಹಳೇದು ಕಳಚ್ಕೊಂಡು ಹೋಯ್ತಲ್ಲ, ಆವಾಗ. ನಿಮ್ಮಪ್ಪ ಬಾಯಿ ಬಡ್ಕೊಂಡಿದ್ದಕ್ಕೆ, ಫ್ಯಾಕ್ಟರಿ ಸೇರಿದ ಮೊದಲ ಸಂಬಳದಲ್ಲಿ ಈ ಹುಡುಗ ಬೆಂಗಳೂರ್ ಗುಜರಿ ಸಂತೇಲಿ ಭಾನುವಾರ ಭಾನುವಾರ ಅಲೆದು, ಅದೇ ಫಿರಂಗಿ ಬೊಂಬೆ ಇರೋದು ಹುಡುಕ್ಕೊಂಡು ಬಂದ. ಎಲ್ಲಕ್ಕಿಂತ ಹೊಳೆಯೋದು ಅಂತ. ಬೈರ, ನೀನೇ ತಂತಿ ತೂರಿಸಿ ಕಟ್ದೆ."

ಹಿತ್ತಲಲ್ಲಿ ಬೂದ ಮೂಗು ಸೀಟಿದ್ದು ಕೇಳಿಸಿತು. ಕೀರ್ತನ ಕೈಯಲ್ಲಿದ್ದ ಕೊಂಡಿಯ ಚೂರುಗಳನ್ನು ಮುಷ್ಟಿಯಲ್ಲಿ ಬಿಗಿಹಿಡಿದಳು.

"ನಂಗೆ ನೆನಪೇ..." ಎಂದ ಬೈರಣ್ಣ. ಅವನು ನಿಜವನ್ನೇ ಹೇಳುತ್ತಿದ್ದ. ಬಲಗಡೆಯ ಫಿರಂಗಿಗೂ ಅವನು ಒಬ್ಬ ಸಿಪಾಯಿಯನ್ನು ಸೃಷ್ಟಿಸಿಯಾಗಿತ್ತು. ಕೆಂಪು ಮೀಸೆ, ಕುಂಟುಗಾಲು. ಆ ಸಿಪಾಯಿ ಅವನಿಗೆ ತಮ್ಮನಿಗಿಂತ ಸ್ಪಷ್ಟವಾಗಿ ಕಾಣುತ್ತಿದ್ದ.

"ನೆನಪಿಲ್ಲ ಅಂತ ಆವತ್ತೇ ಗೊತ್ತಾಯ್ತು," ಎಂದ ಮುನಿಶಾಮಪ್ಪ. ದನಿ ಏರಲಿಲ್ಲ. "ನೀನು ಹೇಳೋ ಕಥೇಲಿ ಅಪ್ಪ ಇಲ್ಲ, ನಾನೂ ಇಲ್ಲ. ಬರೀ ತಾತ, ದೊರೆಗಳು. ನಾನ್ ಬಂದಿದ್ದು ಒಂದೇ ಸಲ. ಕಳ್ಳ ಆಗಿ."

"ತಮಾಷೆಗೆ ಅಂದಿದ್ದು ಕಣೋ. ಬಾಯ್ಬಿಟ್ಟು ಹೇಳ್ಬೇಕಾಗಿತ್ತು ನೀನು."

"ಏನಂತ? ಇನ್ನೂರು ರೂಪಾಯೀದು ನಂದು ಅಂತಲಾ?"

"ಚಿಕ್ಕಮಾವ, ನಂಗೆ ಗೊತ್ತಿರಲಿಲ್ಲ," ಎಂದಳು ಕೀರ್ತನ.

"ನೀನು ಹೇಳಿದ್ದು ಸರಿಯಾಗೇ ಇತ್ತಮ್ಮ. ಬ್ರಿಟಿಷರು ಹೋದ್ಮೇಲಿಂದೇ ಅದು." ಮುನಿಶಾಮಪ್ಪ ಹತ್ತಿರವಿದ್ದ ಗುಂಪಿಗೆ ಕೈಹಾಕಿ ಬುರುಡೆ, ಸಿಂಹ ಎರಡನ್ನೂ ಎತ್ತಿ ಅಂಗಿ ಜೇಬಿಗೆ ಹಾಕಿಕೊಂಡ. "ಪಾಲಾಯ್ತಲ್ಲ," ಎಂದು ಎದ್ದ.

"ಇದೂ ತಕ್ಕೊಂಡೋಗಪ್ಪ," ಎಂದು ಕದಿರಮ್ಮ ಅಂಗೈ ಚಾಚಿದಳು. ಅವನು ಅದನ್ನು ಮುಟ್ಟದೆ, ತಾಯಿಯ ಬೆರಳುಗಳನ್ನು ಮಡಿಸಿ ಮುಚ್ಚಿ ಹೊರಟ.

*

ಬೈರಣ್ಣ ಮಾರನೆಯ ದಿನ ಆ ಫಿರಂಗಿಯನ್ನು ಹಿಡಿದುಕೊಂಡು ತಮ್ಮನ ಮನೆಗೆ ಹೋದ. ಮುನಿಶಾಮಪ್ಪ ಇಲ್ಲವೆಂದರು, ಟ್ರಾಕ್ಟರು, ಚಪ್ಪಲಿ ಎರಡೂ ಅಲ್ಲೇ ಇದ್ದವು. ಬರುವಾಗ ಬಿಲ್ಲೆಯನ್ನು ಹಿತ್ತಲಿನ ಅಡ್ಡಗೋಡೆಯ ಮೇಲಿಟ್ಟು ಬಂದ. ಅದು ಅಲ್ಲೇ ಉಳಿಯಿತು. ಈಚೆಯವರು ತೆಗೆಯಲಿಲ್ಲ, ಆಚೆಯವರೂ ತೆಗೆಯಲಿಲ್ಲ.

ಕೀರ್ತನ ಕೊಯ್ದ ಚರ್ಮವನ್ನು ಹೊಸಕೋಟೆಯ ಚಪ್ಪಲಿ ರಿಪೇರಿಯವನಿಗೆ ತೋರಿಸಿದಳು. ಅವನು ಬೆರಳಲ್ಲಿ ಮಡಿಸಿ ನೋಡಿದ. ಮಡಿಸಿದ ಕಡೆ ಬಿರುಕುಬಿಟ್ಟಿತು. "ಇದು ಹೊಲಿಗೆ ಹಿಡಿಯಲ್ಲಮ್ಮ. ಇಷ್ಟು ದಿನ ಹಂಗೇ ಬಿಟ್ಟಿದ್ದಕ್ಕೆ ಇತ್ತು," ಎಂದ.

ಸಂಕ್ರಾಂತಿಯ ಸಂಜೆ ಬೂದನ ಕೊರಳಿಗೆ ಸಂತೆಯಿಂದ ತಂದ ಪ್ಲಾಸ್ಟಿಕ್ ಹೂವಿನ ಹಾರ ಕಟ್ಟಿದರು. ಅಂಜಿನಮ್ಮ ಅಭ್ಯಾಸಬಲದಿಂದ ಹುಣಸೆಹಣ್ಣು ನೆನೆಹಾಕಿದ್ದಳು. ಆಮೇಲೆ ಅದನ್ನು ಸಾರಿಗೆ ಬಳಸಿದಳು. ಬೂದ ತಲೆ ಕೊಡವಿದ. ಏನೂ ಗಲಗಲ ಎನ್ನಲಿಲ್ಲ. ಇನ್ನೊಮ್ಮೆ ಕೊಡವಿ, ಕಿವಿ ನಿಮಿರಿಸಿ ಕಾದ. ಬೈರಣ್ಣ ಬೂದನ ಕೊರಳನ್ನು ಮೇಲಿನಿಂದ ಕೆಳಗಿನವರೆಗೆ ಸವರಿದ. ಕೂದಲು ಸವೆದು ನುಣ್ಣಗಾದ ಪಟ್ಟಿಯ ಜಾಗ ಅವನ ಬೆರಳಿಗೆ ಸಿಕ್ಕಿತು.

ಹಿತ್ತಲಾಚೆಯ ಬಯಲಲ್ಲಿ ಹುಲ್ಲಿಗೆ ಬೆಂಕಿ ಇಟ್ಟರು. ಎತ್ತುಗಳು ಹಾರಿ ಆಚೆ ಹೋದವು. ಹೊಗೆ, ಮಂಜು ಬೆರೆತು ಊರೆಲ್ಲ ಒಂದು ಗಳಿಗೆ ನೀರೊಳಗಿದ್ದಂತೆ ಕಂಡಿತು. ಕೀರ್ತನ ಪಕ್ಕದಲ್ಲಿ ನಿಂತಿದ್ದಳು. ಯಾರೂ ಏನೂ ಕೇಳಲಿಲ್ಲ. ಗೋಡೆಯ ಮೇಲೆ ಫಿರಂಗಿ ಕಿಚ್ಚಿನ ಬೆಳಕಿಗೆ ಹೊಳೆಯುತ್ತಿತ್ತು. ಮಳೆ ಬಂದರೂ ಅದು ಕಪ್ಪಾಗುವುದಿಲ್ಲ, ಕಿಲುಬು ಹಿಡಿಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಅಂಥ ಬಿಲ್ಲೆಗಳ ವಿವರದಲ್ಲಿ ಆ ಮಾತನ್ನು ಅವಳೇ ಎಷ್ಟೋ ಸಲ ಬರೆದಿದ್ದಳು.

ಬಿಲ್ಲೆಗಳನ್ನು ಎರಡು ಮನೆಯವರಲ್ಲಿ ಯಾರೂ ಮಾರಲಿಲ್ಲ. ಏಳೂ ಊರಲ್ಲೇ ಇವೆ. ಹೋದದ್ದು ಇಷ್ಟು: ಒಂದು ಚರ್ಮದ ಪಟ್ಟಿ, ಹದಿನಾಲ್ಕರಲ್ಲಿ ಐದು ಕೊಂಡಿ, ಸಾರಂಗದ ಒಂದು ಕೊಂಬಿನ ತುದಿ, ಜಗುಲಿಯ ಮೇಲೊಂದು ಮಣೆ, ಹಬ್ಬದ ಹತ್ತು ಎಲೆಯಲ್ಲಿ ಐದು.